ಗೆದ್ದವರೇ ದಂಡ ಕಟ್ಟಿದ ನಾಡು: ಹೈಟಿ



ಕ್ರಿಕೆಟ್ ನೋಡುವ ನಮ್ಮ ಹುಡುಗರಿಗೆ ವೆಸ್ಟ್ ಇಂಡೀಸ್ ಅಂದ್ರೆ ಯಾರೂ ಹೇಳಿಕೊಡಬೇಕಾಗಿಲ್ಲ. ರಿಚರ್ಡ್ಸ್, ಲಾರಾ, ಗೇಲ್ ಅಂತ ಮೂರು ತಲೆಮಾರಿನವರು ಮೂರು ಹೆಸರು ಹೇಳ್ತಾರೆ. ಆದರೆ ವೆಸ್ಟ್ ಇಂಡೀಸ್ ಅನ್ನೋದು ಒಂದು ದೇಶ ಅಲ್ಲ. ರಿಚರ್ಡ್ಸ್ ಆಂಟಿಗುವಾದವರು, ಲಾರಾ ಟ್ರಿನಿಡಾಡಿನವರು, ಗೇಲ್ ಜಮೈಕಾದವರು. ಕೆರಿಬಿಯನ್ ಸಮುದ್ರದಲ್ಲಿ ಕಾಳು ಚೆಲ್ಲಿದ ಹಾಗೆ ಬಿದ್ದಿರುವ ದ್ವೀಪಗಳು ಅವು. ಅದೇ ಸಮುದ್ರದಲ್ಲಿ ಇನ್ನೊಂದು ನಾಡಿದೆ, ಅದು ಆ ತಂಡದಲ್ಲಿ ಇಲ್ಲ. ಅಲ್ಲಿ ಆಳಿದವರು ಇಂಗ್ಲಿಷರಲ್ಲ, ಫ್ರೆಂಚರು. ಹಂಗಾಗಿ ಅಲ್ಲಿಯ ಜನ ಆಡೋದು ಫುಟ್‌ಬಾಲ್. ಅದರ ಹೆಸರು ಹೈಟಿ.

ಟಿ.ವಿ.ಯಲ್ಲಿ ಹೈಟಿ ಅಂದ್ರೆ ಭೂಕಂಪ, ಹಸಿವು, ಗುಂಡಿನ ಸದ್ದು. ‘ಅಯ್ಯೋ ಪಾಪ, ಆ ಜನಾನೇ ಹಂಗೆ’ ಅಂದು ಚಾನೆಲ್ ಬದಲಾಯಿಸುತ್ತೇವೆ. ‘ಆ ಜನಾನೇ ಹಂಗೆ’ ಅನ್ನೋ ಮಾತು ನಮಗೇನು ಹೊಸದಾ? ನಮ್ಮ ಕೇರಿಗಳ ಕಡೆ ಕೈ ತೋರಿಸಿ ಅದನ್ನು ಹೇಳಿದವರು ಬೇಕಾದಷ್ಟು ಮಂದಿ. ಒಂದು ಜನ ಬಡವರಾಗಿದ್ದರೆ ಅದಕ್ಕೊಂದು ಲೆಕ್ಕ ಇರುತ್ತದೆ. ಯಾರು ಎಷ್ಟು ತೆಗೆದುಕೊಂಡರು, ಯಾವಾಗ ತೆಗೆದುಕೊಂಡರು ಅಂತ. ಹೈಟಿಯದು ವಿಶೇಷ ಏನಪ್ಪ ಅಂದ್ರೆ, ಆ ಲೆಕ್ಕ ಕಾಗದದ ಮೇಲೆ ಅಂಕಿ ಸಮೇತ ಉಳಿದಿದೆ. ಅದನ್ನು ನಿಮ್ಮ ಮುಂದೆ ಬಿಚ್ಚಿಡೋಣ ಅಂತಲೇ ಈ ಲೇಖನ.

ಮೊದಲು ನೆಲ ನೋಡೋಣ. ಹಿಸ್ಪಾನಿಯೋಲಾ ಅನ್ನುವ ದೊಡ್ಡ ದ್ವೀಪದ ಪಶ್ಚಿಮದ ಮೂರನೇ ಒಂದು ಪಾಲು ಹೈಟಿ. ಉಳಿದದ್ದು ಡೊಮಿನಿಕನ್ ಗಣರಾಜ್ಯ. ಹೈಟಿಯ ವಿಸ್ತೀರ್ಣ 27,750 ಚದರ ಕಿಲೋಮೀಟರ್. 2022ರಲ್ಲಿ ಒಡೆದು ಹಿಂದೂಪುರವನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿ, ಕಲ್ಯಾಣದುರ್ಗವನ್ನು ಅನಂತಪುರದಲ್ಲೇ ಉಳಿಸಿದರಲ್ಲ, ಆ ಹಳೇ ಅನಂತಪುರ ಜಿಲ್ಲೆ 19,130 ಚದರ ಕಿಲೋಮೀಟರ್ ಇತ್ತು. ಅಂದರೆ ನಮ್ಮ ಹಳೇ ಜಿಲ್ಲೆಯ ಒಂದೂವರೆಯಷ್ಟು ಇರುವ ದೇಶ. ಅಷ್ಟರಲ್ಲೇ ಒಂದು ಕೋಟಿಗೂ ಮೇಲೆ ಜನ. ಮೂಲದ ತೈನೋ ಜನ ಇಟ್ಟ ಹೆಸರು ‘ಅಯಿಟಿ’, ಎತ್ತರದ ಬೆಟ್ಟಗಳ ನಾಡು ಅಂತ. ನಿಜಕ್ಕೂ ಎಲ್ಲಿ ನೋಡಿದರೂ ಬೆಟ್ಟವೇ. ಎಲ್ಲಕ್ಕಿಂತ ಎತ್ತರದ ಲಾ ಸೆಲ್ ಶಿಖರ 2,680 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಮುಕ್ಕಾಲು ಕಿಲೋಮೀಟರ್ ಹೆಚ್ಚು. ‘ಬೆಟ್ಟದ ಹಿಂದೆ ಬೆಟ್ಟ’ ಅನ್ನೋದು ಅಲ್ಲಿಯ ಗಾದೆ. ಒಂದು ಕಷ್ಟ ದಾಟಿದರೆ ಇನ್ನೊಂದು ಕಾದಿರುತ್ತೆ ಅಂತಲೂ ಅರ್ಥ.

ಕಲ್ಯಾಣದುರ್ಗದಿಂದ ಕುಂದುರ್ಪಿ, ಶೆಟ್ಟೂರಿನ ಕಡೆ ಹೋಗುವಾಗ ಕಾಣುವ ಬೋಳು ಗುಡ್ಡಗಳನ್ನು ನೆನಪು ಮಾಡಿಕೊಳ್ಳಿ. ಹೈಟಿಯ ಎಷ್ಟೋ ಬೆಟ್ಟಗಳು ಇವತ್ತು ಹಂಗೇ ಇವೆ. ಆದರೆ ನಮ್ಮದು ಮೊದಲಿಂದ ಮಳೆ ಕಡಿಮೆಯ ಸೀಮೆ. ಅವರದು ದಟ್ಟ ಕಾಡಿದ್ದ ನೆಲ. ಕಬ್ಬಿಗಾಗಿ, ಕಾಫಿಗಾಗಿ ಫ್ರೆಂಚರು ಕಡಿಸಿದರು. ಆಮೇಲೆ ಸಾಲಕ್ಕಾಗಿ ಬೆಲೆಬಾಳುವ ಮರ ಕಡಿದು ಹಡಗಿಗೆ ತುಂಬಿದರು. ಈಗ ಒಲೆ ಹಚ್ಚೋಕೆ ಬೇರೆ ದಾರಿ ಇಲ್ಲದ ಬಡವರು ಇದ್ದಿಲು ಸುಡುತ್ತಾರೆ. ಬೈಗುಳ ಮಾತ್ರ ಕೊನೆಯವರಿಗೇ! ಮಣ್ಣು ಹಿಡಿದಿಡುವ ನಮ್ಮ ಲಾವಂಚ ಅಲ್ಲಿ ದೊಡ್ಡ ಬೆಳೆ. ಜಗತ್ತಿನ ಸುಗಂಧದ ಕಂಪನಿಗಳು ಕೊಳ್ಳುವ ಲಾವಂಚದ ಎಣ್ಣೆಯಲ್ಲಿ ಬಹುಪಾಲು ಹೈಟಿಯ ದಕ್ಷಿಣದ ಬಡ ರೈತರ ಹೊಲದಿಂದ ಹೋಗುತ್ತದೆ.

ಈಗ ಇತಿಹಾಸ. 1492ರ ಡಿಸೆಂಬರಿನಲ್ಲಿ ಕೊಲಂಬಸ್ ಅಲ್ಲಿ ಇಳಿದ. ಅವನ ಹಡಗು ಅಲ್ಲೇ ಒಡೆಯಿತು. ಆ ಮರದಿಂದಲೇ ಕೋಟೆ ಕಟ್ಟಿದ. ತೈನೋ ಜನ ಉಪಚಾರ ಮಾಡಿದರು. ಅದಕ್ಕೆ ಪ್ರತಿಯಾಗಿ ಚಿನ್ನದ ಗಣಿಯ ದುಡಿತ, ಸಿಡುಬು, ಕತ್ತಿ. ಅನಕಾವೊನಾ ಅನ್ನುವ ಅವರ ರಾಣಿಯನ್ನು ಸ್ಪೇನಿನವರು ನೇಣಿಗೆ ಹಾಕಿದರು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಆ ಜನವೇ ಹೆಚ್ಚುಕಡಿಮೆ ಇಲ್ಲವಾಯಿತು. ದುಡಿಯಲು ಕೈ ಬೇಕಲ್ಲ, ಆಫ್ರಿಕಾದಿಂದ ಜನರನ್ನು ಸರಪಳಿ ಹಾಕಿ ತರಲು ಶುರು ಮಾಡಿದರು. 1697ರಲ್ಲಿ ಪಶ್ಚಿಮದ ಭಾಗ ಫ್ರಾನ್ಸಿನ ಪಾಲಿಗೆ ಬಂತು. ಹೆಸರು ಸೇಂಟ್ ಡೊಮಿಂಗ್.

ಹಿಂದೂಪುರದ ಬೆಲ್ಲದ ಮಂಡಿ ನೋಡಿದವರಿಗೆ, ಆಲೆಮನೆಯಲ್ಲಿ ಒಂದು ರಾತ್ರಿಯಾದರೂ ಕೂಲಿ ಮಾಡಿದವರಿಗೆ ಮುಂದಿನ ಮಾತು ಬೇಗ ಅರ್ಥ ಆಗುತ್ತದೆ. ಕಬ್ಬು ಕಡಿದ ಮೇಲೆ ಕಾಯುವ ಹಾಗಿಲ್ಲ, ಕೂಡಲೇ ಅರೆಯಬೇಕು. ಸೇಂಟ್ ಡೊಮಿಂಗಿನಲ್ಲಿ ಸುಗ್ಗಿ ಬಂತೆಂದರೆ ಗಾಣ ಹಗಲೂ ರಾತ್ರಿ ತಿರುಗುತ್ತಿತ್ತು. ನಿದ್ದೆಗಣ್ಣಲ್ಲಿ ಕಬ್ಬು ಕೊಡುವಾಗ ಉರುಳೆಗೆ ಬೆರಳು ಸಿಕ್ಕರೆ ಇಡೀ ಮೈ ಒಳಗೆ ಹೋಗುತ್ತಿತ್ತು. ಅದಕ್ಕೆ ಪಕ್ಕದಲ್ಲೇ ಒಂದು ಮಚ್ಚು ಇಟ್ಟಿರುತ್ತಿದ್ದರು. ಗಾಣ ನಿಲ್ಲಿಸೋಕಲ್ಲ, ಕೈ ಕಡಿಯೋಕೆ. ಇನ್ನು ಕೊಪ್ಪರಿಗೆಯ ಮುಂದಿನ ಸುಟ್ಟ ಗಾಯಗಳಿಗೆ ಲೆಕ್ಕವಿಲ್ಲ. ಆಫ್ರಿಕಾದಿಂದ ಹೊಸದಾಗಿ ಬಂದವರಲ್ಲಿ ಹತ್ತಿರಹತ್ತಿರ ಅರ್ಧ ಜನ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. ಸಾಕಿ ಉಳಿಸುವುದಕ್ಕಿಂತ ಸಾಯಿಸಿ ಹೊಸಬರನ್ನು ಕೊಳ್ಳುವುದೇ ಅಗ್ಗ ಅನ್ನೋದು ತೋಟದ ಯಜಮಾನರ ಲೆಕ್ಕ. 1789ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರು, ಮೂವತ್ತು ನಲವತ್ತು ಸಾವಿರ ಬಿಳಿಯರು. ಯೂರೋಪಿನವರು ತಿನ್ನುವ ಸಕ್ಕರೆಯಲ್ಲಿ ಸುಮಾರು ಶೇ. 40, ಕುಡಿಯುವ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಪುಟ್ಟ ನೆಲದಿಂದ ಹೋಗುತ್ತಿತ್ತು. ಪ್ಯಾರಿಸ್ಸಿನ ವೈಭವಕ್ಕೆ ಬೆವರು ಯಾರದು ಅಂತ ಬೇರೆ ಹೇಳಬೇಕಾ?

ಬಿಳಿಯರು ಮತ್ತು ಗುಲಾಮರ ನಡುವೆ ಇನ್ನೊಂದು ಮೆಟ್ಟಿಲಿತ್ತು. ಬಿಳಿ ತಂದೆ, ಕಪ್ಪು ತಾಯಿಯ ಮಕ್ಕಳು, ಅವರ ಮಕ್ಕಳು, ಬಿಡುಗಡೆ ಪಡೆದ ಕರಿಯರು. ಮೊರೋ ದ ಸೇಂಟ್ ಮೆರಿ ಅನ್ನುವ ಆ ಕಾಲದ ವಕೀಲನೊಬ್ಬ ಮನುಷ್ಯನ ರಕ್ತವನ್ನು 128 ಪಾಲು ಮಾಡಿ, ಯಾರಲ್ಲಿ ಎಷ್ಟು ಪಾಲು ಬಿಳುಪು, ಎಷ್ಟು ಪಾಲು ಕಪ್ಪು ಅಂತ ಗುಣಿಸಿ, ಒಂದೊಂದು ಬೆರಕೆಗೂ ಒಂದೊಂದು ಹೆಸರು ಕೊಟ್ಟು ಪಟ್ಟಿ ಮಾಡಿದ. ನಗು ಬರುತ್ತೆ ಅಲ್ವಾ? ಬಾಬಾಸಾಹೇಬರು ಹೇಳಿದ ಶ್ರೇಣೀಕೃತ ಅಸಮಾನತೆಯನ್ನು ದಿನಾ ನೋಡುವ ನಾವು ನಗುವ ಹಾಗೂ ಇಲ್ಲ. ಆ ಮೆಟ್ಟಿಲ ವ್ಯವಸ್ಥೆ ಅಲ್ಲೂ ಅದೇ ಕೆಲಸ ಮಾಡಿತು. ನಡುವಿನ ಮೆಟ್ಟಿಲಿನವರು ಮೇಲಿನವರಿಂದ ಅವಮಾನ ಪಟ್ಟರೂ ತಾವೇ ಗುಲಾಮರನ್ನು ಇಟ್ಟುಕೊಂಡಿದ್ದರು. ತಮಗೆ ಸಮಾನತೆ ಕೇಳಿದರು, ಕೆಳಗಿನವರಿಗೆ ಬಿಡುಗಡೆ ಕೇಳಲಿಲ್ಲ.

1791ರ ಆಗಸ್ಟ್ 14ರ ರಾತ್ರಿ ಉತ್ತರದ ಬಯಲಿನ ಗುಲಾಮರು ‘ಬ್ವಾ ಕೈಮಾನ್’, ಅಂದರೆ ಮೊಸಳೆ ಕಾಡು ಅನ್ನುವಲ್ಲಿ ಸೇರಿದರು ಅಂತ ಅಲ್ಲಿಯ ಜನ ನೆನೆಯುತ್ತಾರೆ. ಬುಕ್ಮನ್ ಅನ್ನುವವನು ಮುಂದಾಳು, ಪೂಜೆ ಮಾಡಿದವಳು ಸೆಸಿಲ್ ಫಾತಿಮಾನ್. ಹಂದಿ ಕಡಿದು, ಅದರ ರಕ್ತದ ಮೇಲೆ ಆಣೆ ಇಟ್ಟರು. ಎಂಟು ದಿನ ಕಳೆದ ಮೇಲೆ ಕಬ್ಬಿನ ಗದ್ದೆಗಳಿಗೆ ಬೆಂಕಿ ಬಿತ್ತು. ಕೆಲವೇ ವಾರಗಳಲ್ಲಿ ನೂರಾರು ತೋಟ ಬೂದಿ. ಬುಕ್ಮನ್ ಆ ವರ್ಷವೇ ಸತ್ತ. ಅವನ ತಲೆ ಕಡಿದು ಊರ ಮುಂದೆ ಇಟ್ಟು ತೋರಿಸಿದರು. ಆದರೂ ಹೋರಾಟ ನಿಲ್ಲಲಿಲ್ಲ.

ಅದನ್ನು ಸೈನ್ಯವಾಗಿ ಕಟ್ಟಿದವನು ಟೂಸಾಂ ಲೂವರ್ತ್ಯೂರ್. ಬ್ರೆಡಾ ತೋಟದಲ್ಲಿ ಗುಲಾಮನಾಗಿ ಹುಟ್ಟಿದವನು. ಕುದುರೆ ನೋಡಿಕೊಳ್ಳುತ್ತ, ಯಜಮಾನನ ಗಾಡಿ ಹೊಡೆಯುತ್ತ, ನಾಟಿ ಔಷಧ ಕೊಡುತ್ತ ಇದ್ದವನು. ದಂಗೆಗೆ ಮುಂಚೆಯೇ ಬಿಡುಗಡೆ ಪಡೆದಿದ್ದ, ಓದು ಬರಹ ಕಲಿತಿದ್ದ. ಸ್ಪೇನಿನವರು, ಇಂಗ್ಲಿಷರು, ಫ್ರೆಂಚರು, ಮೂರು ಸಾಮ್ರಾಜ್ಯಗಳ ನಡುವೆ ಒಬ್ಬರನ್ನು ಇನ್ನೊಬ್ಬರ ಮೇಲೆ ಬಿಟ್ಟು ಆಡಿಸಿದ. ಈ ಒತ್ತಡಕ್ಕೇ 1793ರಲ್ಲಿ ಅಲ್ಲಿದ್ದ ಫ್ರೆಂಚ್ ಅಧಿಕಾರಿ ಗುಲಾಮಗಿರಿ ರದ್ದು ಮಾಡಿದ್ದು, 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಸಭೆ ಅದಕ್ಕೆ ಒಪ್ಪಿದ್ದು. ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದಲ್ಲ, ತೋಟ ಸುಟ್ಟವರು ಕಿತ್ತುಕೊಂಡದ್ದು. 1801ರಲ್ಲಿ ಟೂಸಾಂ ತನ್ನ ನಾಡಿಗೆ ಒಂದು ಸಂವಿಧಾನವನ್ನೇ ಬರೆಸಿದ.

ಆ ಹೊತ್ತಿಗೆ ನಮ್ಮ ಸೀಮೆಯಲ್ಲಿ ಏನಾಗುತ್ತಿತ್ತು? 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದ. 1800ರಲ್ಲಿ ನಿಜಾಮ ನಮ್ಮ ಈ ಪ್ರದೇಶವನ್ನೆಲ್ಲ ಬ್ರಿಟಿಷರಿಗೆ ಬಿಟ್ಟುಕೊಟ್ಟ. ‘ದತ್ತ ಮಂಡಲ’ ಅಂತ ನಮ್ಮನ್ನು ಕರೆದದ್ದು ಅದಕ್ಕೇ. ಇಲ್ಲಿ ಒಬ್ಬ ಧಣಿಯ ಕೈಯಿಂದ ಇನ್ನೊಬ್ಬನ ಕೈಗೆ ನಮ್ಮ ಊರುಗಳು ಹೋಗುತ್ತಿದ್ದಾಗ, ಅಲ್ಲಿ ನಿನ್ನೆಯ ಗುಲಾಮನೊಬ್ಬ ಸಂವಿಧಾನದ ಕಲಂ ಬರೆಸುತ್ತಿದ್ದ.

ಟೂಸಾಂನನ್ನು ದೇವರು ಮಾಡುವುದು ಬೇಡ. ಬಿಡುಗಡೆಯಾದ ಜನರನ್ನು ಕೂಲಿಯ ಹೆಸರಲ್ಲಿ ಮತ್ತೆ ಅದೇ ಕಬ್ಬಿನ ತೋಟಗಳಿಗೆ ಕಟ್ಟಿಹಾಕಿದ. ಸಕ್ಕರೆ ಮಾರದೆ ಸೈನ್ಯ ಸಾಕುವುದು ಹೇಗೆ ಅನ್ನೋದು ಅವನ ವಾದ. ಜನಕ್ಕೆ ಬೇಕಾಗಿದ್ದದ್ದು ತಮ್ಮದೇ ಒಂದು ತುಂಡು ಹೊಲ. ಬಿಡುಗಡೆ ಅಂದ್ರೆ ಭೂಮಿಯಾ, ಬರೀ ಕಾಗದವಾ? ಈ ಜಗಳ ಹೈಟಿಯಲ್ಲಿ ಅವತ್ತೇ ಶುರುವಾಯಿತು. ನಮ್ಮಲ್ಲಿ ಪಟ್ಟಾ ಕೈಯಲ್ಲಿದ್ದೂ ಹೊಲ ಇನ್ನೊಬ್ಬರ ಉಳುಮೆಯಲ್ಲಿರುವ ಮನೆಗಳಿಗೆ ಇದು ಹಳೇ ಕಥೆ ಅನಿಸಲಾರದು.

ಫ್ರಾನ್ಸಿನಲ್ಲಿ ನೆಪೋಲಿಯನ್ ಬಂದ. ಕರಿಯನೊಬ್ಬ ತನಗೆ ಸಮಾನನಾಗಿ ಪತ್ರ ಬರೆಯುವುದು ಅವನಿಗೆ ಸಹಿಸಲಿಲ್ಲ. 1801ರ ಕೊನೆಯಲ್ಲಿ ತನ್ನ ಭಾವ ಲೆಕ್ಲೇರ್ ಕೈಗೆ ದೊಡ್ಡ ಸೈನ್ಯ ಕೊಟ್ಟು ಕಳಿಸಿದ. ಮಾತುಕತೆಗೆ ಬಾ ಅಂತ ಕರೆದು ಟೂಸಾಂನನ್ನು ಮೋಸದಿಂದ ಹಿಡಿದರು. ಫ್ರಾನ್ಸಿನ ಹಿಮದ ಬೆಟ್ಟದ ಕೋಟೆಯೊಂದರಲ್ಲಿ 1803ರ ಏಪ್ರಿಲ್ 7ರಂದು ಚಳಿಯಲ್ಲಿ, ರೋಗದಲ್ಲಿ ಆತ ತೀರಿಕೊಂಡ. ಇನ್ನೊಂದು ಕಡೆ ಗುಲಾಮಗಿರಿಯನ್ನು ಮತ್ತೆ ತರುತ್ತಾರೆ ಅನ್ನೋ ಸುದ್ದಿ ದ್ವೀಪದಲ್ಲಿ ಹಬ್ಬಿತು. ಆಗ ಎದ್ದು ನಿಂತವನು ಜಾಂ ಜಾಕ್ ಡೆಸಲೀನ್. ಬೆನ್ನ ತುಂಬ ಚಾಟಿಯ ಗುರುತು ಹೊತ್ತವನು. ಹೆಂಗಸರೂ ಹಿಂದೆ ಉಳಿಯಲಿಲ್ಲ. ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಸಾನಿತೆ ಬೆಲೇರ್ ಅನ್ನುವ ಯುವತಿಯನ್ನು ಫ್ರೆಂಚರು 1802ರಲ್ಲಿ ಗುಂಡಿಟ್ಟು ಕೊಂದರು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಳ್ಳಲು ಆಕೆ ಒಪ್ಪಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ.

1803ರ ಮೇ 18ರಂದು ಡೆಸಲೀನ್ ಫ್ರಾನ್ಸಿನ ಮೂರು ಬಣ್ಣದ ಬಾವುಟದಿಂದ ನಡುವಿನ ಬಿಳಿ ಪಟ್ಟಿ ಹರಿದು ಬಿಸಾಕಿದ. ಉಳಿದ ನೀಲಿ, ಕೆಂಪು ತುಂಡುಗಳನ್ನು ಕ್ಯಾಥರೀನ್ ಫ್ಲೋನ್ ಅನ್ನುವ ಹೆಣ್ಣುಮಗಳು ಸೇರಿಸಿ ಹೊಲಿದಳು. ಅದೇ ಹೈಟಿಯ ಬಾವುಟ. ನವೆಂಬರ್ 18ರಂದು ವೆರ್ತಿಯೇರ್ ಅನ್ನುವಲ್ಲಿ ಕೊನೆಯ ಯುದ್ಧ; ನೆಪೋಲಿಯನ್ನನ ಸೈನ್ಯ ಸೋತು ಹಡಗು ಹತ್ತಿತು. ಕಾಳಗದ ಜೊತೆಗೆ ಹಳದಿ ಜ್ವರವೂ ಅವರನ್ನು ಸಾವಿರಗಟ್ಟಲೆ ನುಂಗಿತ್ತು, ಲೆಕ್ಲೇರನೂ ಅದರಲ್ಲೇ ಸತ್ತಿದ್ದ. 1804ರ ಜನವರಿ 1ರಂದು ಗೊನಾಯಿವ್ ಪಟ್ಟಣದಲ್ಲಿ ಸ್ವಾತಂತ್ರ್ಯ ಸಾರಿದರು. ಫ್ರೆಂಚರು ಇಟ್ಟ ಹೆಸರು ತೆಗೆದು, ಸತ್ತುಹೋದ ತೈನೋ ಜನರ ಹೆಸರನ್ನೇ ನಾಡಿಗೆ ಮತ್ತೆ ಇಟ್ಟರು. ಗುಲಾಮರು ದಂಗೆ ಎದ್ದು, ಗೆದ್ದು, ತಮ್ಮದೇ ದೇಶ ಕಟ್ಟಿದ್ದು ಜಗತ್ತಿನ ಇತಿಹಾಸದಲ್ಲಿ ಇದೊಂದೇ.

ಗೆದ್ದ ಮೇಲೆ ಡೆಸಲೀನ್ ಉಳಿದ ಫ್ರೆಂಚರಲ್ಲಿ ಬಹುಪಾಲು ಜನರನ್ನು, ಹೆಂಗಸರು ಮಕ್ಕಳು ಅನ್ನದೆ, ಕೊಲ್ಲಿಸಿದ. ಅದನ್ನು ಮುಚ್ಚಿಡಬೇಕಾಗಿಲ್ಲ. ಅದಕ್ಕೆ ಮುಂಚೆ ನೂರು ವರ್ಷ ಏನು ನಡೆದಿತ್ತು ಅನ್ನೋದನ್ನೂ ಮುಚ್ಚಿಡಬಾರದು, ಅಷ್ಟೇ.

ನನಗೆ ಹೈಟಿಯ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸೋದು ಯುದ್ಧ ಅಲ್ಲ, 1805ರ ಸಂವಿಧಾನದ ಒಂದು ಕಲಂ. ಇನ್ನು ಮೇಲೆ ಹೈಟಿಯವರ ನಡುವೆ ಬಣ್ಣದ ಭೇದ ಇಲ್ಲ, ಎಲ್ಲರಿಗೂ ‘ಕರಿಯರು’ ಅನ್ನೋದೇ ಹೆಸರು ಅಂತ ಅದು ಹೇಳಿತು. 128 ಪಾಲಿನ ಪಟ್ಟಿ ಒಂದೇ ಏಟಿಗೆ ಹೋಯಿತು. ನೆಪೋಲಿಯನ್ನನ ಸೈನ್ಯದಲ್ಲಿ ಬಂದಿದ್ದ ಪೋಲೆಂಡಿನ ಕೆಲವು ಸೈನಿಕರು ಗುಲಾಮರ ಪಕ್ಕ ಸೇರಿದ್ದರು. ಅವರಿಗೂ ಪೌರತ್ವ ಕೊಟ್ಟರು. ಬೆಳ್ಳಗಿನ ಪೋಲೆಂಡಿನವನೂ ಕಾನೂನಿನ ಲೆಕ್ಕದಲ್ಲಿ ಕರಿಯ! ಬೈಗುಳವಾಗಿದ್ದ ಮಾತನ್ನು ತೆಗೆದುಕೊಂಡು ಎಲ್ಲರಿಗೂ ಮರ್ಯಾದೆಯ ಹೆಸರು ಮಾಡಿದರು. ‘ದಲಿತ’ ಅನ್ನುವ ಹೆಸರನ್ನು ನಾವು ಯಾಕೆ ತಲೆ ಎತ್ತಿ ಹೇಳುತ್ತೇವೆ ಅಂತ ಕೇಳುವ ನೆರೆಯವರಿಗೆ ಈ ಕಲಂ ತೋರಿಸಬಹುದು. ಆದರೆ ಕಾಗದದಲ್ಲಿ ಹೋದ ಮೆಟ್ಟಿಲು ಮನಸ್ಸಿನಲ್ಲಿ ಹೋಗಲಿಲ್ಲ. ತೆಳು ಬಣ್ಣದ ಶ್ರೀಮಂತರು, ಕಡುಕಪ್ಪು ಬಣ್ಣದ ರೈತರು ಅನ್ನುವ ಬಿರುಕು ಮುಂದೆ ಇನ್ನೂರು ವರ್ಷ ಆ ದೇಶವನ್ನು ಕಾಡಿತು. ಡೆಸಲೀನ್ 1806ರಲ್ಲಿ ತನ್ನವರ ಕೈಯಿಂದಲೇ ಕೊಲೆಯಾದ.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ. ಸುತ್ತಲೂ ಗುಲಾಮಗಿರಿಯ ದೇಶಗಳು. ಅಮೆರಿಕ ಹೈಟಿಯನ್ನು ದೇಶ ಅಂತ ಒಪ್ಪಿದ್ದೇ 1862ರಲ್ಲಿ. ದಕ್ಷಿಣ ಅಮೆರಿಕದ ಬೊಲಿವಾರ್ ಕಷ್ಟದಲ್ಲಿ ಬಂದಾಗ ಹೈಟಿ ಬಂದೂಕು, ಆಳು ಕೊಟ್ಟು ಕಳಿಸಿತ್ತು. ಕೇಳಿದ್ದು ಒಂದೇ ಮಾತು, ನೀನು ಗೆದ್ದ ಕಡೆ ಗುಲಾಮರನ್ನು ಬಿಡಿಸು ಅಂತ. ಹೀಗೆ ಕೈ ಎತ್ತಿ ಕೊಟ್ಟವರ ಬಂದರಿಗೆ 1825ರ ಜುಲೈನಲ್ಲಿ ಫ್ರಾನ್ಸಿನ 14 ಯುದ್ಧದ ಹಡಗುಗಳು ಬಂದು ನಿಂತವು. ಕೈಯಲ್ಲಿ ರಾಜನ ಆಜ್ಞೆ. ನಿಮ್ಮನ್ನು ದೇಶ ಅಂತ ಒಪ್ಪಬೇಕಾದರೆ 15 ಕೋಟಿ ಫ್ರಾಂಕ್ ಕಟ್ಟಿ. ಯಾತಕ್ಕೆ? ತೋಟದ ಯಜಮಾನರು ಕಳೆದುಕೊಂಡ ಆಸ್ತಿಗೆ. ಆ ಆಸ್ತಿಯಲ್ಲಿ ನೆಲ ಇತ್ತು, ಗಾಣ ಇತ್ತು, ಮತ್ತೆ ಈ ಜನರೇ ಇದ್ದರು! ಅಂದರೆ ತಮ್ಮ ಮೈಯ ಬೆಲೆಯನ್ನು ತಾವೇ, ಯುದ್ಧ ಗೆದ್ದು ಇಪ್ಪತ್ತೊಂದು ವರ್ಷ ಆದ ಮೇಲೆ, ಸೋತವರಿಗೆ ಕಟ್ಟಬೇಕು.

15 ಕೋಟಿ ಅಂದರೆ ಎಷ್ಟು ಅಂತ ತಿಳಿಯೋಕೆ ಒಂದು ಹೋಲಿಕೆ. 1803ರಲ್ಲಿ ಇದೇ ಫ್ರಾನ್ಸ್ ಲೂಸಿಯಾನ ಅನ್ನುವ, ಸುಮಾರು 21 ಲಕ್ಷ ಚದರ ಕಿಲೋಮೀಟರಿನ ಪ್ರದೇಶವನ್ನು ಅಮೆರಿಕಕ್ಕೆ ಮಾರಿದ್ದು 8 ಕೋಟಿ ಫ್ರಾಂಕಿಗೆ.

ಮೊದಲ ಕಂತೇ 3 ಕೋಟಿ. ಬೊಕ್ಕಸದಲ್ಲಿ ಇಲ್ಲ. ಸಾಲ ಮಾಡಬೇಕು, ಅದೂ ಪ್ಯಾರಿಸ್ಸಿನ ಬ್ಯಾಂಕಿನವರ ಹತ್ತಿರವೇ. 3 ಕೋಟಿಗೆ ಬರೆಸಿಕೊಂಡು ಕೈಗೆ ಕೊಟ್ಟದ್ದು 2 ಕೋಟಿ 40 ಲಕ್ಷ. ಉಳಿದದ್ದು ಮುರಿದುಕೊಂಡರು. ನಮ್ಮೂರ ಸಂತೆಯಲ್ಲಿ ಸಾವಿರಕ್ಕೆ ಬರೆಸಿಕೊಂಡು ಬಡ್ಡಿ ಮುರಿದು ಎಂಟುನೂರು ಕೊಡುವವರನ್ನು ನೋಡಿದ್ದೀರಲ್ಲ, ಅದೇ ಲೆಕ್ಕ. ದಂಡ ಒಂದು, ದಂಡ ಕಟ್ಟೋಕೆ ಸಾಲ ಇನ್ನೊಂದು. 1838ರಲ್ಲಿ ದಂಡವನ್ನು 9 ಕೋಟಿಗೆ ಇಳಿಸಿದರು. ಆದರೂ ಒಂದು ಸಾಲ ತೀರಿಸೋಕೆ ಇನ್ನೊಂದು ಸಾಲ. ರೈತ ಬೆಳೆದ ಕಾಫಿಯ ಮೇಲಿನ ಸುಂಕವೆಲ್ಲ ಅದಕ್ಕೇ. ಶಾಲೆ, ರಸ್ತೆ, ಆಸ್ಪತ್ರೆಗೆ ಹೋಗಬೇಕಾದ ಹಣ ಹಡಗು ಹತ್ತಿತು. ಈ ಸಾಲದ ಕೊನೆಯ ಕಂತು ತೀರಿದ್ದು 1947ರಲ್ಲಿ. ಇಸವಿ ಇನ್ನೊಮ್ಮೆ ಓದಿ. ನಮಗೆ ಸ್ವಾತಂತ್ರ್ಯ ಬಂದ ವರ್ಷ, ಅವರ ಸ್ವಾತಂತ್ರ್ಯದ ಸಾಲ ಮುಗಿದ ವರ್ಷ.

ನಡುವೆ ಅಮೆರಿಕ ಸುಮ್ಮನೆ ಕೂತಿರಲಿಲ್ಲ. 1914ರ ಡಿಸೆಂಬರಿನಲ್ಲಿ ಅದರ ಸೈನಿಕರು ಹೈಟಿಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಹೊತ್ತು ನ್ಯೂಯಾರ್ಕಿಗೆ ಸಾಗಿಸಿದರು. 1915ರಿಂದ 1934ರವರೆಗೆ ದೇಶವನ್ನೇ ಹಿಡಿದಿಟ್ಟುಕೊಂಡರು. ರಸ್ತೆ ಹಾಕಿಸಿದರು, ನಿಜ. ಆದರೆ ರೈತರನ್ನು ಹಗ್ಗ ಕಟ್ಟಿ ತಂದು ಬಿಟ್ಟಿ ದುಡಿಸಿ ಹಾಕಿಸಿದರು. ತೆಲುಗಿನವರು ‘ವೆಟ್ಟಿ’ ಅಂತಾರಲ್ಲ, ಅದೇ. ಅದರ ವಿರುದ್ಧ ಎದ್ದ ಶಾರ್ಲ್‌ಮಾಂಯ್ ಪೆರಾಲ್ಟ್ ಅನ್ನುವವನನ್ನು 1919ರಲ್ಲಿ ಕೊಂದು, ಹೆಣವನ್ನು ಬಾಗಿಲಿಗೆ ಕಟ್ಟಿ ಫೋಟೋ ತೆಗೆದು ಹಂಚಿದರು. ಹೆದರಿಸಬೇಕು ಅಂತ. ಆ ಫೋಟೋದಲ್ಲಿ ಜನ ಶಿಲುಬೆಯ ಏಸುವನ್ನು ಕಂಡರು.

1957ರಿಂದ 1986ರವರೆಗೆ ದುವಾಲಿಯೇ ಅನ್ನುವ ಅಪ್ಪ, ಮಗ ಇಬ್ಬರ ಸರ್ವಾಧಿಕಾರ. ಕರಿಯರ ಹೆಮ್ಮೆಯ ಮಾತಾಡಿಕೊಂಡೇ ಬಂದ ಅಪ್ಪ, ಕರಿಯರನ್ನೇ ಸಾವಿರಾರು ಕೊಂದ. ನಮ್ಮವನು ಅಂದ ಮಾತ್ರಕ್ಕೆ ವೋಟು ಹಾಕುವಾಗ ಇದನ್ನೂ ನೆನಪಲ್ಲಿ ಇಟ್ಟುಕೊಳ್ಳಿ. 1995ರಲ್ಲಿ ಹೊರಗಿನ ಒತ್ತಡಕ್ಕೆ ಅಕ್ಕಿಯ ಆಮದು ಸುಂಕವನ್ನು ಶೇ. 50ರಿಂದ ಶೇ. 3ಕ್ಕೆ ಇಳಿಸಿದರು. ಅಮೆರಿಕದ ಅಗ್ಗದ ಅಕ್ಕಿ ನುಗ್ಗಿ ಆರ್ತಿಬೊನಿತ್ ನದಿಯ ಬಯಲಿನ ಭತ್ತದ ರೈತ ಮುಳುಗಿದ. ಅಗ್ಗದ ಪಾಮಾಯಿಲ್ ಬಂದಾಗ ನಮ್ಮ ಕಡಲೆಕಾಯಿ ರೈತನ ಗತಿ ಏನಾಯಿತು ಅಂತ ಕಲ್ಯಾಣದುರ್ಗದವರಿಗೆ ನಾನು ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸ ಇದೆ. 2010ರ ಮಾರ್ಚಿನಲ್ಲಿ ಕ್ಲಿಂಟನ್ ಬಾಯಿಬಿಟ್ಟು, ಅದು ನಮ್ಮ ತಪ್ಪು, ನನ್ನ ರಾಜ್ಯದ ರೈತರಿಗೆ ಲಾಭವಾಯಿತು, ಹೈಟಿಗೆ ನಷ್ಟವಾಯಿತು ಅನ್ನೋ ಅರ್ಥದಲ್ಲಿ ಒಪ್ಪಿಕೊಂಡರು. ನಮ್ಮಲ್ಲಿ ಒಪ್ಪಿಕೊಂಡವರು ಯಾರೂ ನನ್ನ ಕಣ್ಣಿಗೆ ಬಿದ್ದಿಲ್ಲ.

2010ರ ಜನವರಿ 12ರ ಭೂಕಂಪ ನಿಮಗೆ ನೆನಪಿರಬಹುದು. ಲಕ್ಷಕ್ಕೂ ಮೇಲೆ ಜನ ಸತ್ತರು. ಕಾಪಾಡಲು ಬಂದ ವಿಶ್ವಸಂಸ್ಥೆಯ ಪಡೆಯ ಶಿಬಿರದ ಹೊಲಸು ನದಿಗೆ ಸೇರಿ ಕಾಲರಾ ಹಬ್ಬಿ ಇನ್ನೂ ಸುಮಾರು ಹತ್ತು ಸಾವಿರ ಜನ ಹೋದರು. ಕ್ಷಮೆ ಕೇಳಿದ್ದು ಆರು ವರ್ಷ ಆದ ಮೇಲೆ. 2021ರಲ್ಲಿ ಅಧ್ಯಕ್ಷರನ್ನೇ ಮನೆಗೆ ನುಗ್ಗಿ ಕೊಂದರು. ಈಗ ರಾಜಧಾನಿ ಪೋರ್ಟ್ ಔ ಪ್ರಿನ್ಸ್‌ನ ಬಹುಭಾಗ ಬಂದೂಕಿನ ಗುಂಪುಗಳ ಕೈಯಲ್ಲಿದೆ. ಇದರಲ್ಲಿ ಹೈಟಿಯ ನಾಯಕರ ಪಾಲೂ ಇದೆ, ಬೇಕಾದಷ್ಟಿದೆ. ಆದರೆ 2003ರಲ್ಲಿ ಅಧ್ಯಕ್ಷ ಅರಿಸ್ತೀದ್ ಹಳೇ ದಂಡದ ಲೆಕ್ಕ ಕೂಡಿಸಿ, 21 ಬಿಲಿಯನ್ ಡಾಲರಿಗೂ ಮೇಲೆ, ಅಂದರೆ 2,100 ಕೋಟಿ ಡಾಲರಿಗೂ ಹೆಚ್ಚು, ವಾಪಸ್ ಕೊಡಿ ಅಂತ ಫ್ರಾನ್ಸನ್ನು ಕೇಳಿದರು. ಮುಂದಿನ ವರ್ಷವೇ ಅವರು ಅಧಿಕಾರದಿಂದ ಹೋದರು. ದಂಡಕ್ಕೆ 200 ವರ್ಷ ತುಂಬಿದ 2025ರ ಏಪ್ರಿಲ್ 17ರಂದು ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್, ಇತಿಹಾಸ ತಿರುವಿ ನೋಡಲು ಎರಡೂ ದೇಶದವರ ಸಮಿತಿ ಮಾಡುತ್ತೇವೆ ಅಂದರು. ಹಣದ ಮಾತು ಆಡಲಿಲ್ಲ.

ನಮ್ಮ ಕ್ರಿಕೆಟ್ ಹುಡುಗರಿಗೆ ಒಂದು ಮಾತು. ಹೈಟಿಯ ಈ ಹೋರಾಟದ ಕಥೆಯನ್ನು ಜಗತ್ತಿಗೆ ಸರಿಯಾಗಿ ಹೇಳಿದ್ದು 1938ರಲ್ಲಿ ಬಂದ ‘ದಿ ಬ್ಲ್ಯಾಕ್ ಜಾಕೊಬಿನ್ಸ್’. ಬರೆದವರು ಟ್ರಿನಿಡಾಡಿನ ಸಿ.ಎಲ್.ಆರ್. ಜೇಮ್ಸ್. ಕರಿಯನಾದ ಫ್ರಾಂಕ್ ವೊರೆಲ್‌ನನ್ನು ವೆಸ್ಟ್ ಇಂಡೀಸ್ ತಂಡದ ನಾಯಕ ಮಾಡಬೇಕು ಅಂತ ಪತ್ರಿಕೆಯಲ್ಲಿ ಹಟ ಹಿಡಿದು ಬರೆದವರೂ ಅವರೇ. ಇನ್ನೊಂದು ಕೊಂಡಿ ನಮಗೆ ಇನ್ನೂ ಹತ್ತಿರದ್ದು. 1946ರ ಜುಲೈನಲ್ಲಿ ಬಾಬಾಸಾಹೇಬರು ಅಮೆರಿಕದ ಕರಿಯರ ನಾಯಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು. ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಬೇಕು, ನಮ್ಮ ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಅಂತ. ಅದೇ ತಿಂಗಳ 31ರಂದು ಉತ್ತರ ಬಂತು. ಆ ಡುಬಾಯ್ಸ್ ಅವರ ತಂದೆ ಹುಟ್ಟಿದ್ದು ಹೈಟಿಯಲ್ಲಿ.

ಇನ್ನು ಜನರ ಬದುಕು. ಹೈಟಿಯ ಎಲ್ಲರ ಮನೆಮಾತು ಕ್ರಿಯೋಲ್. ಆಫ್ರಿಕಾದ ಹತ್ತಾರು ಭಾಷೆಯವರು ತೋಟಗಳಲ್ಲಿ ಫ್ರೆಂಚ್ ಶಬ್ದಗಳನ್ನು ತಮ್ಮ ಜಾಯಮಾನಕ್ಕೆ ಬಗ್ಗಿಸಿ ಕಟ್ಟಿಕೊಂಡ ಭಾಷೆ. ಚೆನ್ನಾಗಿ ಫ್ರೆಂಚ್ ಬರುವವರು ನೂರಕ್ಕೆ ಹತ್ತು ಜನ ಸಿಗೋದು ಕಷ್ಟ. ಆದರೂ ಕೋರ್ಟು, ಕಚೇರಿ, ಶಾಲೆ ಎಲ್ಲಾ ಫ್ರೆಂಚಿನಲ್ಲೇ ನಡೆಯುತ್ತಿತ್ತು. 1987ರ ಸಂವಿಧಾನ ಕ್ರಿಯೋಲನ್ನೂ ಆಡಳಿತ ಭಾಷೆ ಮಾಡಿತು, ಆದರೂ ಶಾಲೆಯಲ್ಲಿ ಫ್ರೆಂಚಿನ ದರ್ಬಾರು ಪೂರ್ತಿ ಹೋಗಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಪರೀಕ್ಷೆಯಲ್ಲಿ ಇಂಗ್ಲಿಷ್ ಅಂತ ಮೂರು ದಡಗಳ ನಡುವೆ ಈಜುವ ಗಡಿಯ ನಮ್ಮ ಮಕ್ಕಳಿಗೆ ಆ ಮಕ್ಕಳ ಪಾಡು ಗೊತ್ತು. ರಾತ್ರಿ ಅಜ್ಜಿ ಕಥೆ ಶುರು ಮಾಡುವ ಮುಂಚೆ ‘ಕ್ರಿಕ್?’ ಅಂತಾಳೆ, ಕೇಳುವ ಮಕ್ಕಳು ‘ಕ್ರಾಕ್!’ ಅನ್ನಬೇಕು. ನಾವು ಹೂಂಗುಟ್ಟುವ ಹಾಗೆ.

ವೂಡೂ ಅಂದ್ರೆ ಸಿನಿಮಾದಲ್ಲಿ ಗೊಂಬೆಗೆ ಸೂಜಿ ಚುಚ್ಚೋದು ಅಂತ ತಿಳಿದಿದ್ದೇವೆ. ಅದು ಹೈಟಿಯ ಬಡವರ ಧರ್ಮ. ದೈವ ಮೈಮೇಲೆ ಬರುವುದು, ಹಿರಿಯರಿಗೆ ಎಡೆ ಇಡುವುದು, ರಾತ್ರಿಯಿಡೀ ವಾದ್ಯ. ನಮ್ಮ ಮಾರಮ್ಮನ ಜಾತ್ರೆ ನೋಡಿದವರಿಗೆ ಅದೇನು ವಿಚಿತ್ರ ಕಾಣಲಾರದು. ಗುಲಾಮರ ಕಾಲದಲ್ಲಿ ಕೂಡಿ ಕುಣಿಯೋದಕ್ಕೇ ತಡೆ ಇತ್ತು, 1940ರ ದಶಕದಲ್ಲಿ ಚರ್ಚು, ಸರ್ಕಾರ ಸೇರಿ ಡೋಲುಗಳನ್ನು ರಾಶಿ ಹಾಕಿ ಸುಟ್ಟವು. 2003ರಲ್ಲಿ ಸರ್ಕಾರ ಅದನ್ನು ಒಂದು ಧರ್ಮ ಅಂತ ಒಪ್ಪಿತು. ಡೋಲಿನ ವಿಷಯದಲ್ಲಿ ನಮ್ಮದು ಅವರದ್ದಕ್ಕಿಂತ ಸ್ವಲ್ಪ ಗೋಜಲು. ಅವರಿಗೆ ಡೋಲು ಬಡಿಯಬೇಡ ಅಂದರು, ನಮಗೆ ಬಡಿಯಲೇಬೇಕು ಅಂದರು. ಹಾಗಾಗಿ ತಮಟೆ ಬಿಟ್ಟವರೂ ನಮ್ಮಲ್ಲಿ ಸರಿಯೇ, ಸಂಘದ ಮೆರವಣಿಗೆಯಲ್ಲಿ ತಲೆ ಎತ್ತಿ ಬಡಿಯುವವರೂ ಸರಿಯೇ.

ಹೊಲದ ಕೆಲಸಕ್ಕೆ ಅಲ್ಲಿ ‘ಕೊನ್ಬಿಟ್’ ಅಂತ ಪದ್ಧತಿ ಇದೆ. ಇವತ್ತು ನಿನ್ನ ಹೊಲಕ್ಕೆ ನಾವೆಲ್ಲ, ನಾಳೆ ನನ್ನ ಹೊಲಕ್ಕೆ ನೀವೆಲ್ಲ. ನಮ್ಮ ಮುಯ್ಯಾಳು. ಡೋಲು ಬಡಿಯುವವನು ಒಬ್ಬ ಬದುವಿನ ಮೇಲೆ ನಿಂತಿರುತ್ತಾನೆ, ಗುದ್ದಲಿಗಳು ಅವನ ತಾಳಕ್ಕೆ ಏಳುತ್ತವೆ. ಫುಟ್‌ಬಾಲಿನಲ್ಲಿ 1974ರ ವಿಶ್ವಕಪ್ಪಿನ ಒಂದು ಗೋಲನ್ನು ಅಲ್ಲಿಯ ಮುದುಕರು ಇನ್ನೂ ಹೇಳಿಕೊಂಡು ಕುಣಿಯುತ್ತಾರೆ. ಇಟಲಿಯ ಗೋಲ್‌ಕೀಪರ್ ಡಿನೋ ಝೋಫ್ 1,142 ನಿಮಿಷ ಒಂದೂ ಗೋಲು ಬಿಟ್ಟಿರಲಿಲ್ಲ. ಹೈಟಿಯ ಎಮಾನ್ಯುಯೆಲ್ ಸನೋನ್ ಹೊಡೆದ. ಪಂದ್ಯ ಸೋತರು ಅನ್ನಿ, ಅದನ್ನು ಯಾರು ಕೇಳ್ತಾರೆ!

ಜನವರಿ 1 ನಮಗೆ ಭೀಮಾ ಕೋರೆಗಾಂವದ ದಿನ. 1927ರ ಆ ದಿನ ಬಾಬಾಸಾಹೇಬರು ಅಲ್ಲಿಯ ಸ್ತಂಭದ ಮುಂದೆ ನಿಂತಿದ್ದರು. ಅದೇ ದಿನ ಬೆಳಿಗ್ಗೆ ಹೈಟಿಯ ಪ್ರತಿ ಮನೆಯಲ್ಲಿ, ಹೊರದೇಶಕ್ಕೆ ದುಡಿಯಲು ಹೋದವರ ಬಾಡಿಗೆ ಕೋಣೆಗಳಲ್ಲೂ, ‘ಸೂಪ್ ಜೂಮು’ ಅನ್ನುವ ಸಿಹಿಗುಂಬಳದ ಸಾರು ಕುದಿಯುತ್ತದೆ. ಗುಲಾಮರು ಬೆಳೆದು, ಅಟ್ಟು, ಬಡಿಸುತ್ತಿದ್ದರು. ಬಾಯಿಗೆ ಹಾಕುವ ಹಾಗಿರಲಿಲ್ಲ, ಅದು ಧಣಿಗಳ ಊಟ. 1804ರ ಆ ದಿನ ಎಲ್ಲರೂ ಅದನ್ನೇ ಕುಡಿಯಬೇಕು ಅಂತ ಡೆಸಲೀನನ ಹೆಂಡತಿ ಮಾರಿ ಕ್ಲೇರ್ ಹೇಳಿದಳು ಅನ್ನೋದು ಜನರ ನಂಬಿಕೆ. 2021ರಲ್ಲಿ ಯುನೆಸ್ಕೋ ಇದನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾಡೋದು ಕಷ್ಟವೇನಲ್ಲ. ಹಿಂದಿನ ರಾತ್ರಿಯೇ ದನದ ಮಾಂಸಕ್ಕೆ ನಿಂಬೆಹುಳಿ, ಬೆಳ್ಳುಳ್ಳಿ ಹಚ್ಚಿ ಇಡಬೇಕು. ಗುಂಬಳ ಬೇಯಿಸಿ ಅರೆದು, ಆಲೂಗಡ್ಡೆ, ಗಜ್ಜರಿ, ಎಲೆಕೋಸು ಸೇರಿಸಿ ಮಾಂಸದ ಜೊತೆ ಕುದಿಸಬೇಕು. ಕೊನೆಗೆ ಖಾರದ ಹಸಿಮೆಣಸಿನಕಾಯಿ ಒಂದನ್ನು ಇಡಿಯಾಗಿ ಮೇಲೆ ಬಿಡುತ್ತಾರೆ. ಅದು ಒಡೆಯದ ಹಾಗೆ ನಿಧಾನಕ್ಕೆ ಸೌಟು ಆಡಿಸಬೇಕು.